ಗಡ್ಡೆ ಕರಗಿತೆಂದು ಫೈಲ್ ಬಿಸಾಡಬೇಡಿ
(ಫಹಾಹೀಲ್‌ನ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)

ವಾರವಿಡೀ ದುಡಿದು, ಸಿಗುವ ಒಂದು ಜುಮಾ ದಿನದ ನಿದ್ದೆ ಬಿಟ್ಟು ಬಂದಿದ್ದೀರಿ. ಉದ್ದ ಮಾತು ಬೇಡ.

ಶುಗರ್, ಬಿಪಿ ಬಗ್ಗೆ ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತಿನದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅದರಲ್ಲಿ ಹಾಡ್ಜ್‌ಕಿನ್ ಎಂಬ ಬಗೆ ಹೆಚ್ಚಾಗಿ ಕಾಣುವುದು 15ರಿಂದ 35ರ ಪ್ರಾಯದವರಲ್ಲಿ. ಗಲ್ಫಿಗೆ ಬರುವ ಪ್ರಾಯವೂ ಅದೇ ತಾನೇ? ಸರಿಯಾದ ಚಿಕಿತ್ಸೆ ಸಿಕ್ಕಿದರೆ ಹೆಚ್ಚಿನವರು ಗುಣವಾಗುತ್ತಾರೆ, ಅಲ್‌ಹಮ್ದುಲಿಲ್ಲಾಹ್. ಬೆಂಗಳೂರಿನ ಕಿದ್ವಾಯಿಯಲ್ಲೋ ಮಂಗಳೂರಲ್ಲೋ ಮದ್ದು ಮುಗಿಸಿ, ಕೂದಲು ಬಂದು, ತೂಕ ಕೂಡಿ, ಮತ್ತೆ ವಿಮಾನ ಹತ್ತುತ್ತಾರೆ. ಫೈಲ್ ಮಾತ್ರ ಊರಿನ ಕಪಾಟಿನಲ್ಲಿ ಉಳಿಯುತ್ತದೆ. ನಮಗೆ ಹೇಳಲಿಕ್ಕಿರುವುದು ಆ ಫೈಲಿನ ಬಗ್ಗೆ.

ಕ್ಯಾನ್ಸರನ್ನು ಕೊಂದ ಮದ್ದು ಬೇರೆ ಅಂಗಗಳನ್ನೂ ಮುಟ್ಟಿ ಹೋಗಿರುತ್ತದೆ. ಅದರ ಪರಿಣಾಮ ಕೆಲವರಲ್ಲಿ ಕಾಣುವುದು ಹತ್ತು, ಇಪ್ಪತ್ತು ವರ್ಷ ಕಳೆದ ಮೇಲೆ. ಹಾಡ್ಜ್‌ಕಿನ್‌ಗೆ ಕೊಡುವ ಎಬಿವಿಡಿ ಎಂಬ ಕೀಮೋದಲ್ಲಿ ನಾಲ್ಕು ಮದ್ದುಗಳಿವೆ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲ ಮಾಡಬಹುದು. ಜೀವಮಾನದಲ್ಲಿ ಒಟ್ಟು ಎಷ್ಟು ಕೊಡಬಹುದೆಂಬುದಕ್ಕೂ ಮಿತಿ ಇದೆ. ಬ್ಲಿಯೊಮೈಸಿನ್ ಶ್ವಾಸಕೋಶವನ್ನು ಕಾಡಬಹುದು. ಕುತ್ತಿಗೆಗೆ ರೇಡಿಯೇಶನ್ ಆದವರಿಗೆ ಥೈರಾಯ್ಡ್ ಕಡಿಮೆಯಾಗುವುದು ತೀರಾ ಸಾಮಾನ್ಯ.

ಇಲ್ಲಿ ಇದು ಗೊತ್ತೇ ಆಗುವುದಿಲ್ಲ. ಸುಸ್ತಾದರೆ ಡ್ಯೂಟಿ ಜಾಸ್ತಿ ಅಂತೇವೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಧೂಳು ಅಂತೇವೆ, ಕಾಲು ಬಾತರೆ ನಿಂತು ನಿಂತು ಅಂತೇವೆ. ಜೂನ್‌ನಿಂದ ಆಗಸ್ಟ್ ತನಕ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಿನ ಕೆಲಸವನ್ನು ಸರಕಾರವೇ ನಿಲ್ಲಿಸುವಂಥ ಸೆಕೆ ಇದು. ಸುಸ್ತಿಗೆ ಬೇರೆ ಕಾರಣ ಯಾರು ಹುಡುಕುತ್ತಾರೆ? ಆದರೆ ಲಿಂಫೋಮಾ ದಾಟಿ ಬಂದವರು ಹುಡುಕಲೇಬೇಕು. ಥೈರಾಯ್ಡಿಗೆ ವರ್ಷಕ್ಕೊಮ್ಮೆ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ. ಕುಂದಿದ್ದರೆ ದಿನಕ್ಕೊಂದು ಮಾತ್ರೆ. ಹೃದಯಕ್ಕೆ ಎಕೋ ಎಷ್ಟು ವರ್ಷಕ್ಕೊಮ್ಮೆ ಬೇಕೆಂದು ಡಾಕ್ಟರ್ ಹೇಳಬೇಕಾದರೆ, ಒಟ್ಟು ಎಷ್ಟು ಮದ್ದು ಮೈಯೊಳಗೆ ಹೋಗಿದೆ ಎಂದು ಅವರಿಗೆ ಗೊತ್ತಾಗಬೇಕು. ಅದಿರುವುದು ಫೈಲಿನಲ್ಲಿ.

"ಹಿಂದೆ ಏನಾದರೂ ಕಾಯಿಲೆ ಇತ್ತಾ?" ಎಂದು ಕೇಳಿದರೆ ನಮ್ಮವರ ಬಾಯಲ್ಲಿ ಬರುವುದು "ಏನಿಲ್ಲ". ಕೆಲಸ ಹೋದೀತು ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳೆಂದು ನಾವು ಹೇಳುವುದಿಲ್ಲ. ರೂಮ್‌ನವರಿಗೆ ಹೇಳುವುದು, ಬಿಡುವುದು ನಿಮ್ಮಿಷ್ಟ. ಚಿಕಿತ್ಸೆ ಕೊಡುವ ಡಾಕ್ಟರಿಗೆ ಮಾತ್ರ ಬಚ್ಚಿಡಬಾರದು. ನಾಳೆ ಅಪೆಂಡಿಕ್ಸ್ ಆಪರೇಶನ್ ಆಗಬೇಕೆಂದಿಟ್ಟುಕೊಳ್ಳಿ. ಬ್ಲಿಯೊಮೈಸಿನ್ ಪಡೆದವರಿಗೆ ಅಗತ್ಯಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಶ್ವಾಸಕೋಶಕ್ಕೆ ಪೆಟ್ಟಾಗುವ ಸಂಭವ ಇದೆ. ಅರಿವಳಿಕೆ ಕೊಡುವವರಿಗೆ ಅದು ಮೊದಲೇ ತಿಳಿದಿರಬೇಕು. ಎದೆಗೆ ರೇಡಿಯೇಶನ್ ಆದವರ ಎಕ್ಸ್‌ರೇಯಲ್ಲಿ ಕಲೆ ಉಳಿಯಬಹುದು. ವೀಸಾ ಮೆಡಿಕಲ್‌ನಲ್ಲಿ ಟಿಬಿ ಎಂದು ಸಂಶಯ ಬಂದರೆ ಆ ಕಲೆ ಎಲ್ಲಿಂದ ಬಂತೆಂದು ತೋರಿಸಲಿಕ್ಕೆ ಹಳೆ ಕಾಗದವೇ ಬೇಕು.

ಇಂಥವರು ಸಿಗರೇಟು ಮುಟ್ಟಲೇಬಾರದು. ರೂಮ್‌ನಲ್ಲಿ ಸೇದುವ ಬಾಕಿಯವರೂ ದಯವಿಟ್ಟು ಹೊರಗೆ ಹೋಗಿ. ನಮ್ಮ ರಕ್ತದಾನ ಶಿಬಿರಕ್ಕೆ ಇವರನ್ನು ಒತ್ತಾಯಿಸಬೇಡಿ. ಲಿಂಫೋಮಾ ಬಂದವರ ರಕ್ತ ತೆಗೆದುಕೊಳ್ಳುವುದಿಲ್ಲ.

ಊರಲ್ಲಿ ತಂಗಿಗೋ ಹೆಂಡತಿಗೋ ಸಣ್ಣ ಪ್ರಾಯದಲ್ಲೇ ಎದೆಗೆ ರೇಡಿಯೇಶನ್ ಆಗಿದ್ದರೆ, ಸ್ತನ ಕ್ಯಾನ್ಸರಿನ ತಪಾಸಣೆ ಬೇರೆ ಹೆಂಗಸರಿಗಿಂತ ಬಹಳ ಮೊದಲೇ ಶುರುವಾಗಬೇಕು. ಸಾಮಾನ್ಯವಾಗಿ 25 ದಾಟಿದ ಮೇಲೆ, ರೇಡಿಯೇಶನ್ ಆಗಿ 8 ವರ್ಷಕ್ಕೆ. ನಾಚಿಕೆಯಿಂದ ಸುಮ್ಮನಿರುತ್ತಾರೆ, ನೀವೇ ಕೇಳಿ.

ಮದುವೆ ವಿಷಯ ಬಂದಾಗ "ಅವನಿಗೆ ಮಕ್ಕಳಾಗುವುದಿಲ್ಲ" ಎಂದು ಊರವರೇ ತೀರ್ಪು ಕೊಡುತ್ತಾರೆ. ಎಬಿವಿಡಿ ಪಡೆದ ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ಅದಕ್ಕಿಂತ ಗಟ್ಟಿ ಮದ್ದು ಪಡೆದವರಿಗೆ ತೊಂದರೆ ಇರಬಹುದು. ಗಂಡಸರಿಗೆ ವೀರ್ಯ ಪರೀಕ್ಷೆಯಿಂದ ತಿಳಿಯುತ್ತದೆ. ಇನ್ನೂ ಚಿಕಿತ್ಸೆ ಶುರುವಾಗದ ಹುಡುಗರಿದ್ದರೆ, ಕೀಮೋಗೆ ಮೊದಲೇ ಡಾಕ್ಟರ ಹತ್ತಿರ ಇದನ್ನು ಮಾತಾಡಲಿ.

ಇವತ್ತು ರಾತ್ರಿ ಊರಿಗೆ ಫೋನ್ ಮಾಡುವಾಗ ಕಪಾಟಿನಿಂದ ಫೈಲ್ ತೆಗೆಸಿ, ಡಿಸ್ಚಾರ್ಜ್ ಸಮ್ಮರಿಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಯಾವ ವರ್ಷ, ಯಾವ ಮದ್ದು, ಎಷ್ಟು ಸೈಕಲ್, ಎಲ್ಲಿಗೆ ರೇಡಿಯೇಶನ್, ಇಷ್ಟು ಅದರಲ್ಲಿರಬೇಕು. ಇಲ್ಲದಿದ್ದರೆ ಚಿಕಿತ್ಸೆಯಾದ ಆಸ್ಪತ್ರೆಯಲ್ಲಿ ಹಳೆ ನಂಬರ್ ಕೊಟ್ಟು ಬರೆಸಿಕೊಳ್ಳಬೇಕು. ಇಲ್ಲಿನ ಪಾಲಿಕ್ಲಿನಿಕ್‌ಗೋ ಅದಾನ್ ಆಸ್ಪತ್ರೆಗೋ ಹೋಗುವಾಗ ಸಿವಿಲ್ ಐಡಿ ಜೊತೆ ಅದನ್ನೂ ತೋರಿಸಿ.