ವಿಚಾರಿಸದ ತೀರ್ಪು

ವಿಚಾರಿಸುವ ತಾಳ್ಮೆ ತಪ್ಪಿದ ಗಳಿಗೆಯಲ್ಲೇ ಹೆತ್ತವರು ಮಕ್ಕಳ ವಿಷಯದಲ್ಲಿ ಕುರುಡರಾಗುತ್ತಾರೆ. ಗಂಗಾವತಿ ಸಮೀಪದ ಕುಮ್ಮಟದುರ್ಗದ ಕುಮಾರರಾಮನ ಕಥೆ ಇದಕ್ಕೆ ಸಾಕ್ಷಿ. ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ ಆ ಕಥೆಯಲ್ಲಿ ಮಲತಾಯಿ ರತ್ನಾಜಿ ರಾಮನನ್ನು ಬಯಸುತ್ತಾಳೆ. ಅವನು ಒಪ್ಪದಿದ್ದಾಗ ಅವನೇ ತನ್ನ ಮೇಲೆ ಕೈಮಾಡಿದನೆಂದು ದೂರುತ್ತಾಳೆ. ತಂದೆ ಕಂಪಿಲರಾಯ ಮಗನ ಮಾತು ಕೇಳದೆ ತಲೆ ಕಡಿಯಲು ಆಜ್ಞೆ ಕೊಡುತ್ತಾನೆ. ಗ್ರೀಕ್ ನಾಟಕಕಾರ ಯೂರಿಪಿಡೀಸ್ ಕ್ರಿ.ಪೂ. 428ರಲ್ಲಿ ರಂಗಕ್ಕೆ ತಂದ ‘ಹಿಪ್ಪೊಲಿಟಸ್’ ದುರಂತದಲ್ಲೂ ಹೀಗೆಯೇ: ಸತ್ತ ಹೆಂಡತಿಯ ಓಲೆಯನ್ನು ನಂಬಿ ಥೀಸಿಯಸ್ ಸ್ವಂತ ಮಗನನ್ನು ಶಪಿಸುತ್ತಾನೆ. ದೂರದೂರದ ಎರಡು ನಾಡುಗಳು ಒಂದೇ ತಪ್ಪನ್ನು ಗುರುತಿಸಿವೆ.

ತಪ್ಪು ರತ್ನಾಜಿಯದಲ್ಲವೇ, ಮೋಸಹೋದ ತಂದೆಯನ್ನೇಕೆ ದೂಷಿಸಬೇಕು ಎಂದು ಕೇಳಬಹುದು. ಸುಳ್ಳು ಅವಳದು, ನಿಜ. ಆದರೆ ತೀರ್ಪು ಅವನದು. ಹೊಣೆಯನ್ನೆಲ್ಲ ಹೆಣ್ಣಿನ ಮೇಲೆ ಹೊರಿಸಿದರೆ ಅಧಿಕಾರ ಕೈಯಲ್ಲಿದ್ದವನ ದುಡುಕು ಮರೆಯಾಗುತ್ತದೆ. ಎಲ್ಲವೂ ವಿಧಿ ಎನ್ನುವವರಿಗೆ ಮಂತ್ರಿ ಬೈಚಪ್ಪನೇ ಉತ್ತರ. ಅದೇ ದೂರು, ಅದೇ ಆಜ್ಞೆ ಅವನ ಮುಂದೆಯೂ ಇದ್ದವು. ಆದರೂ ಅವನು ರಾಮನನ್ನು ಕೊಲ್ಲಿಸದೆ ಗುಟ್ಟಾಗಿ ಅಡಗಿಸಿಟ್ಟ. ದೆಹಲಿಯ ಸೈನ್ಯ ಮುತ್ತಿದಾಗ ನಾಡಿಗಾಗಿ ಕಾದಾಡಲು ಆ ಮಗ ಉಳಿದಿದ್ದದ್ದು ಅದರಿಂದಲೇ. ಕವಲಂದೆಯ ನಮ್ಮ ಮನೆಗಳಲ್ಲೂ ಮಗನ ಮೇಲೊಂದು ದೂರು, ಮಗಳ ಮೇಲೊಂದು ಮಾತು ಬರುತ್ತದೆ. ಶಿಕ್ಷೆಗೆ ಮೊದಲು ಅವರನ್ನು ಕೂರಿಸಿ ಕೇಳೋಣ. ಕೇಳುವುದರಿಂದ ಹಿರಿತನ ಕುಗ್ಗದು; ಕೇಳದೆ ಕೊಟ್ಟ ತೀರ್ಪನ್ನು ಹಿಂದಕ್ಕೆ ಪಡೆಯಲಾಗದು.