ಲಾಯದ ಕುದುರೆಗೆ ಬಯಲಿನ ಬೇಲಿ



ಕರ್ನಾಟಕದಲ್ಲಿ ಕುದುರೆ ಸಾಕಣೆ ಎಂದೊಡನೆ ಟೀಪೂ ಸುಲ್ತಾನನ ಕಾಲದ ಕುಣಿಗಲ್ ಫಾರಂ ನೆನಪಿಗೆ ಬರುತ್ತದೆ. ಆದರೆ ತೋಟದ ಮೂಲೆಯಲ್ಲಿ ಲಾಯ ಕಟ್ಟಿ ಒಂದೆರಡು ಕುದುರೆ ಸಾಕುವವರೂ ಇದ್ದಾರೆ. ಇವರಲ್ಲಿ ಕೆಲವರು ದನಗಳಿಗೆಂದು ಹಾಕಿದ ಮುಳ್ಳುತಂತಿ ಬೇಲಿಯೊಳಕ್ಕೇ ಕುದುರೆಯನ್ನೂ ಬಿಡುತ್ತಾರೆ. ತೊಂದರೆ ಆರಂಭವಾಗುವುದು ಇಲ್ಲಿಂದಲೇ.

ಮುಳ್ಳು ತಾಗಿದರೆ ದನ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಕುದುರೆ ಹಾಗಲ್ಲ. ಬೆದರಿದಾಗ ಮೊದಲು ಓಡುವುದು, ಆಮೇಲೆ ನೋಡುವುದು ಅದರ ಹುಟ್ಟುಗುಣ. ತೆಳುವಾದ ತಂತಿ ಓಡುವ ಕುದುರೆಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಕಾಲು ಸಿಕ್ಕಿಕೊಂಡರೆ ನಿಲ್ಲದೆ ಎಳೆಯುತ್ತದೆ. ಗಾಯ ಮೂಳೆ ಮುಟ್ಟಬಹುದು. ಮೊಣಕಾಲಿನ ಕೆಳಗೆ ಮಾಂಸವಿಲ್ಲದ್ದರಿಂದ ಅದು ಬೇಗ ಮಾಯುವುದೂ ಇಲ್ಲ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಅತಿ ಸುಲಭವಾಗಿ ತುತ್ತಾಗುವುದು ಕುದುರೆಯೇ. ಲಸಿಕೆ ಹಾಕಿಸದಿದ್ದರೆ ಸಣ್ಣ ಗಾಯವೂ ಪ್ರಾಣಕ್ಕೆ ಎರವಾದೀತು.

ಇನ್ನು ನಡತೆಯ ವಿಚಾರ. ಸ್ವತಂತ್ರವಾಗಿರುವ ಕುದುರೆ ದಿನಕ್ಕೆ ಸುಮಾರು 14-16 ಗಂಟೆ ಮೇಯುತ್ತದೆ, ಗುಂಪಿನಲ್ಲಿ ಬಾಳುತ್ತದೆ. ಲಾಯದಲ್ಲಿ ಎರಡಕ್ಕೂ ಕೊರತೆ. ಹುರುಳಿ ತಿಂದು ಮುಗಿಸಿ, ಉಳಿದ ಹೊತ್ತೆಲ್ಲ ಗೋಡೆ ನೋಡುತ್ತ ನಿಂತ ಕುದುರೆ ಗೋದಲಿಯ ಅಂಚು ಕಚ್ಚಿ ಗಾಳಿ ಎಳೆಯುವುದನ್ನೋ, ಬಾಗಿಲಲ್ಲಿ ನಿಂತು ಕುತ್ತಿಗೆ ತೂಗುವುದನ್ನೋ ಕಲಿಯುತ್ತದೆ. ಬಯಲಿಗೆ ಬಿಟ್ಟರೆ ಸರಿಹೋದೀತೆಂದು ಬಿಟ್ಟಾಗಲೂ, ಕೆಲವು ಕುದುರೆಗಳು ಹುಲ್ಲಿಗೆ ಬಾಯಿ ಹಾಕದೆ ಬೇಲಿಯ ಒಂದೇ ಮಗ್ಗುಲಲ್ಲಿ ಹಿಂದೆ ಮುಂದೆ ನಡೆದು ನೆಲ ಸವೆಸುತ್ತವೆ. ಇದನ್ನು ಹಟವೆಂದು ಹೊಡೆಯುವುದುಂಟು. ಹೊಡೆತದಿಂದ ಚಾಳಿ ಹೋಗುವುದಿಲ್ಲ. ಆ ಸವೆದ ಜಾಡು ಯಾವ ದಿಕ್ಕಿಗಿದೆ ಎಂದು ಗಮನಿಸಬೇಕು. ಬಹಳ ಸಲ ಅದು ಜೊತೆಯ ಕುದುರೆ ಇರುವ ಕಡೆಗೋ ಲಾಯದ ಬಾಗಿಲ ಕಡೆಗೋ ಇರುತ್ತದೆ. ಜೊತೆಗಾರ ಕಾಣುವಂತೆ, ಹೊಂದಿಕೊಂಡವಾದರೆ ಮೂಗಿಗೆ ಮೂಗು ತಾಗುವಂತೆ ಬೇಲಿ ಇದ್ದರೆ ಕುದುರೆ ಸಮಾಧಾನಗೊಂಡು ತಲೆ ತಗ್ಗಿಸಿ ಮೇಯುವ ಸಂಭವ ಹೆಚ್ಚು. ಬೀಜದ ಗಂಡು ಕುದುರೆಗಳಿಗೆ ಮಾತ್ರ ಇದು ಸಲ್ಲದು. ಅವುಗಳ ನಡುವೆ ಓಣಿ ಬಿಟ್ಟು ಎರಡು ಬೇಲಿ ಹಾಕಬೇಕು. ಹಳೆಯ ಗಾಳಿ ಎಳೆಯುವ ಚಾಳಿ ಬಯಲಿಗೆ ಬಿಟ್ಟರೂ ಪೂರ್ತಿ ಹೋಗದೆ ಉಳಿಯಬಹುದು. ಕುದುರೆ ಕೊಳ್ಳುವವರು ಇದನ್ನು ತಿಳಿದಿರಬೇಕು.

ಬೇಲಿಗೆ ನೀಲಗಿರಿ ಗಳುಗಳು ಆದೀತು. ಎತ್ತರ ನಾಲ್ಕೂವರೆಯಿಂದ ಐದು ಅಡಿ. ಅಡ್ಡಗಳುಗಳನ್ನು ಕಂಬದ ಒಳಮಗ್ಗುಲಿಗೆ, ಅಂದರೆ ಕುದುರೆಯಿರುವ ಕಡೆಗೆ ಹೊಡೆದರೆ ಅದು ಒರಗಿದಾಗ ಮೊಳೆ ಕಿತ್ತು ಬರುವುದಿಲ್ಲ. ಮೂಲೆಗಳನ್ನು ದುಂಡಗೆ ತಿರುಗಿಸಿದರೆ ಬಲವಾದ ಕುದುರೆ ಅಟ್ಟಿಸಿಕೊಂಡು ಬಂದಾಗ ಬಡಕಲು ಕುದುರೆ ಸಿಕ್ಕಿಬೀಳುವುದಿಲ್ಲ. ಗಳು ಕಡಿಯುವ ಕುದುರೆಯಿದ್ದರೆ ಟಾರು ಬಳಿಯಲು ಹೊರಡುವ ಮೊದಲು ಒಣಹುಲ್ಲು ಹೆಚ್ಚಿಸಿ ನೋಡುವುದು ಮೇಲು. ನಾರಿನ ಮೇವು ಸಾಲದಿದ್ದಾಗ ಮರ ಅಗಿಯುವುದು ಸಾಮಾನ್ಯ.

ಹೊಸ ಬೇಲಿಯೊಳಗೆ ಮೊದಲ ದಿನ ಹಗಲಿನಲ್ಲಿ, ಹಗ್ಗ ಹಿಡಿದು ಬೇಲಿಯುದ್ದಕ್ಕೂ ಒಂದೆರಡು ಸುತ್ತು ನಡೆಸಿ, ಆಮೇಲೆ ಬಿಡಬೇಕು. ಅದಕ್ಕೂ ಮೊದಲು, ಕಿತ್ತ ಹಳೆಯ ಮುಳ್ಳುತಂತಿಯ ತುಂಡುಗಳು ಹುಲ್ಲಿನೊಳಗೆ ಉಳಿದಿಲ್ಲವೆಂದು ಇಡೀ ಆವರಣವನ್ನು ಕಾಲ್ನಡಿಗೆಯಲ್ಲಿ ತಿರುಗಿ ನೋಡಿಕೊಳ್ಳಿ.