ಬಡವರ ಕಥೆ ಬೆಸ್ಟ್‌ಸೆಲ್ಲರ್, ಬಡವರ ಕೂಲಿ ಏಳೂಕಾಲು ಡಾಲರ್

ಚುನಾವಣೆ ಹತ್ತಿರ ಬಂದ್ರೆ ನಮ್ಮಲ್ಲಿ ಫ್ಲೆಕ್ಸ್ ಏಳುತ್ತೆ. ಅಮೆರಿಕದಲ್ಲಿ ಪುಸ್ತಕ ಬರುತ್ತೆ. ಅಧ್ಯಕ್ಷ ಕುರ್ಚಿ ಮೇಲೆ ಕಣ್ಣಿಟ್ಟವರಲ್ಲಿ ಬಹಳ ಜನ ಮೊದಲು ಒಂದು ಪುಸ್ತಕ ಬರೀತಾರೆ. ಬಾಲ್ಯದ ಕಷ್ಟ, ತಂದೆ ತಾಯಿಯ ದುಡಿಮೆ, ಎಲ್ಲ ಅದರಲ್ಲಿ ಇರುತ್ತೆ. ತಪ್ಪೇನಿಲ್ಲ. ಆದರೆ ಬಡತನದ ಬಗ್ಗೆ ಬಂದ ಪುಸ್ತಕದಿಂದ ಬಡವನಿಗೆ ಏನು ಸಿಕ್ತು? ಇವತ್ತಿನ ಪ್ರಶ್ನೆ ಇಷ್ಟೇ.

ಸಿಕ್ಕಿದ್ದ ಕಾಲವೂ ಒಂದಿತ್ತು. 1962ರಲ್ಲಿ ಮೈಕೆಲ್ ಹ್ಯಾರಿಂಗ್ಟನ್ 'ದಿ ಅದರ್ ಅಮೆರಿಕ' ಬರೆದರು. ಶ್ರೀಮಂತ ದೇಶದೊಳಗೇ ನಾಲ್ಕರಿಂದ ಐದು ಕೋಟಿ ಬಡವರಿದ್ದಾರೆ, ಅವರು ಯಾರ ಕಣ್ಣಿಗೂ ಬೀಳ್ತಿಲ್ಲ ಅಂದರು. ಅಧ್ಯಕ್ಷ ಕೆನಡಿ ಪುಸ್ತಕವನ್ನೇ ಓದಿದರೋ, 'ನ್ಯೂಯಾರ್ಕರ್' ಪತ್ರಿಕೆಯ ವಿಮರ್ಶೆಯನ್ನ ಓದಿದರೋ ಅನ್ನೋ ಚರ್ಚೆ ಇಂದಿಗೂ ಇದೆ. ವಿಷಯ ಅಂತೂ ಶ್ವೇತಭವನ ತಲುಪಿತು. 1964ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದರು. ಅದೇ ವರ್ಷ ಫುಡ್ ಸ್ಟ್ಯಾಂಪ್ ಕಾನೂನು ಬಂತು. 1965ರಲ್ಲಿ ಹಿರಿಯರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂತು. 1964ರಲ್ಲಿ ಶೇ. 19ರಷ್ಟಿದ್ದ ಬಡತನ 1973ರ ಹೊತ್ತಿಗೆ ಶೇ. 11ರ ಹತ್ತಿರ ಇಳೀತು.

ಪುಸ್ತಕ ಒಂದೇ ಇದನ್ನ ಮಾಡಿತಾ? ಖಂಡಿತ ಇಲ್ಲ. ಆರ್ಥಿಕತೆ ಬೆಳೀತಿತ್ತು. ಅದಕ್ಕಿಂತ ಮುಖ್ಯವಾಗಿ ಜನ ಬೀದಿಯಲ್ಲಿದ್ದರು. 1963ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದರು. ನಮಗೆ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾತ್ರ ನೆನಪಿದೆ. ಆದರೆ ಗಂಟೆಗೆ 2 ಡಾಲರ್ ಕನಿಷ್ಠ ವೇತನ ಕೊಡಿ ಅನ್ನೋದೂ ಅವತ್ತಿನ ಬೇಡಿಕೆ.

ಈಗ ನೋಡಿ. 2016ರಲ್ಲಿ ಜೆ.ಡಿ. ವ್ಯಾನ್ಸ್ ಅವರ 'ಹಿಲ್‌ಬಿಲ್ಲಿ ಎಲಿಜಿ' ಬಂತು. ಓಹಿಯೋದ ಉಕ್ಕಿನ ಊರು, ವ್ಯಸನಕ್ಕೆ ಬಿದ್ದ ತಾಯಿ, ಸಾಕಿ ಬೆಳೆಸಿದ ಅಜ್ಜಿ. ಪುಸ್ತಕ ಗೆದ್ದಿತು, ಸಿನಿಮಾ ಆಯ್ತು. ಲೇಖಕರು ಸೆನೆಟರ್ ಆದರು, 2025ರಲ್ಲಿ ಉಪಾಧ್ಯಕ್ಷರಾದರು. ಆ ಕಡೆ ಎಡಪಂಥದ ಬರ್ನಿ ಸ್ಯಾಂಡರ್ಸ್. ಜೀವನವಿಡೀ ಕೋಟ್ಯಧಿಪತಿಗಳನ್ನ ಬೈದವರು. ಬರೆದ ಪುಸ್ತಕ ಚೆನ್ನಾಗಿ ಮಾರಾಟವಾಗಿ ತಾವೇ ಮಿಲಿಯನೇರ್ ಆದರು. 2019ರಲ್ಲಿ ಅದನ್ನ ಒಪ್ಪಿಕೊಂಡು, ಬೇಕಾದ್ರೆ ನೀವೂ ಬರೀರಿ ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟರು.

ಇಬ್ಬರೂ ಕದ್ದಿಲ್ಲ, ಬರೆದು ಗಳಿಸಿದ್ದಾರೆ. ಆದರೆ ಆ ಪುಟಗಳಲ್ಲಿದ್ದ ಜನ ಎಲ್ಲಿದ್ದಾರೆ? ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಇದು ನಿಗದಿಯಾಗಿದ್ದು 2009ರ ಜುಲೈನಲ್ಲಿ! ದಯವಿಟ್ಟು ಅದನ್ನ ರೂಪಾಯಿಗೆ ಗುಣಿಸ್ಬೇಡಿ. ಅಲ್ಲಿ ದುಡಿದವನು ಅಲ್ಲೇ ಬಾಡಿಗೆ ಕಟ್ಟಬೇಕು. ವಾರಕ್ಕೆ 40 ಗಂಟೆ, ವರ್ಷವಿಡೀ ರಜೆ ಇಲ್ಲದೆ ದುಡಿದರೂ 15,080 ಡಾಲರ್. ಅನೇಕ ರಾಜ್ಯಗಳು ತಾವಾಗಿ ಹೆಚ್ಚಿಸಿವೆ, ನಿಜ. ಹೆಚ್ಚಿಸದ ರಾಜ್ಯದ ಕೆಲಸಗಾರನಿಗೆ ಇದೇ ಗತಿ. 2021ರಲ್ಲಿ ಇದನ್ನ ಹಂತ ಹಂತವಾಗಿ 15 ಡಾಲರ್ ಮಾಡೋಣ ಅಂತ ಇದೇ ಸ್ಯಾಂಡರ್ಸ್ ಸೆನೆಟ್‌ನಲ್ಲಿ ತಂದ ತಿದ್ದುಪಡಿಗೆ ಸಿಕ್ಕಿದ್ದು 42 ಮತ, ವಿರೋಧ 58. ವಿರೋಧಿಸಿದವರಲ್ಲಿ ಅವರ ಜೊತೆಗಿದ್ದ ಡೆಮಾಕ್ರಟಿಕ್ ಬಣದವರೂ ಇದ್ದರು.

ಇವತ್ತು ಅಲ್ಲಿ ಮೇಲಿನ ಶೇ. 1ರಷ್ಟು ಕುಟುಂಬಗಳ ಕೈಯಲ್ಲಿ ಶೇ. 30ರ ಆಸುಪಾಸಿನಷ್ಟು ಸಂಪತ್ತಿದೆ. ಕೆಳಗಿನ ಅರ್ಧ ದೇಶಕ್ಕೆ ಉಳಿದಿರೋದು ಶೇ. 3ಕ್ಕಿಂತ ಕಡಿಮೆ. ನನ್ನ ಜೊತೆ ಎಂಜಿನಿಯರಿಂಗ್ ಓದಿದವರು ವಿಡಿಯೋ ಕಾಲ್‌ನಲ್ಲಿ ತೋರಿಸೋ ಅಮೆರಿಕದಲ್ಲಿ ಈ ಅರ್ಧ ಕಾಣೋದೇ ಇಲ್ಲ. ಹ್ಯಾರಿಂಗ್ಟನ್ ಹೇಳಿದ್ದೂ ಇದನ್ನೇ ಅಲ್ವಾ?

ಹ್ಯಾರಿಂಗ್ಟನ್ ಕಾಲದಲ್ಲಿ ಬಡವರು ಕಾಣ್ತಿರಲಿಲ್ಲ, ಪುಸ್ತಕ ತೋರಿಸಿತು. ಈಗ ಪುಸ್ತಕದಂಗಡಿ ತುಂಬ ಅವರ ಕಥೆಯೇ. ಓದಿದವರ ಕಣ್ಣು ಒದ್ದೆ ಆಗುತ್ತೆ, ಏನೋ ಮಾಡಿದ ಸಮಾಧಾನವೂ ಸಿಗುತ್ತೆ. ಕಾನೂನು ಮಾತ್ರ ಅಲುಗಾಡಲ್ಲ.

ನಾಯಕ ಬಡತನದಿಂದ ಹೇಗೆ ಮೇಲೆ ಬಂದ ಅನ್ನೋದನ್ನ ಖಂಡಿತ ಓದಿ. ಅಲ್ಲೇ ಉಳಿದವರ ವಿಷಯ ಸದನಕ್ಕೆ ಬಂದಾಗ ಅವನು ಯಾವ ಕಡೆ ಕೈ ಎತ್ತಿದ ಅನ್ನೋದನ್ನೂ ಹುಡುಕಿ. ಅದು ಪುಸ್ತಕದಲ್ಲಿ ಸಿಗಲ್ಲ, ಕಲಾಪದ ದಾಖಲೆಯಲ್ಲಿ ಸಿಗುತ್ತೆ.